ಶಾರವ್ವನ ನೋಟಬುಕ್ಕಿನ ಕಡೀ ಹಾಳಿ

ಇಳಕಲ್ಲಿನ ನೇಕಾರ ಓಣಿಯ ತುದಿಗಿದ್ದ ಸಣ್ಣ ಶಾಖಾ ಗ್ರಂಥಾಲಯದಲ್ಲಿ ಮಹೇಶ್ವರಿ ಹದಿನೇಳು ವರ್ಷದಿಂದ ಗ್ರಂಥಪಾಲಕಿ. ತಾನು ಓದದ ಪುಸ್ತಕವನ್ನು ಇನ್ನೊಬ್ಬರ ಕೈಗೆ ಕೊಡುವವಳಲ್ಲ ಎಂದು ಊರಲ್ಲಿ ಆಕೆಗೊಂದು ಹೆಸರಿತ್ತು. ಹೊಸ ಪುಸ್ತಕಗಳ ಗಂಟು ಬಂತೆಂದರೆ, ಅವಕ್ಕೆ ಮುದ್ರೆ ಒತ್ತುವ ಮೊದಲೇ ನಾಲ್ಕನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಒಯ್ಯುತ್ತಿದ್ದಳು. ರೊಟ್ಟಿ ಬಡಿಯುವಾಗ ಪುಸ್ತಕವನ್ನು ಉಪ್ಪಿನ ಡಬ್ಬಿಗೆ ಆನಿಸಿ ನಿಲ್ಲಿಸಿಕೊಂಡು ಓದುವಳು. ಹಾಗಾಗಿ ಆ ಗ್ರಂಥಾಲಯದ ಎಷ್ಟೋ ಕಾದಂಬರಿಗಳ ಹಾಳೆಗಳ ಸಂದಿಯಲ್ಲಿ ಜೋಳದ ಹಿಟ್ಟು ಸಿಗುತ್ತಿತ್ತು. ಓದಿ ಮುಗಿಸಿದ ಮೇಲೆ ಕೊನೆಯ ಪುಟದ ಮೂಲೆಗೆ ಪೆನ್ಸಿಲಿನಲ್ಲಿ ಒಂದು ಸಣ್ಣ ಗೀಟು ಎಳೆಯುವುದು ಆಕೆಯ ರೂಢಿ. ಯಾರಿಗೂ ಹೇಳಿರಲಿಲ್ಲ, ಆದರೆ ಓದುಗರು ಅದನ್ನು ಕಂಡುಹಿಡಿದಿದ್ದರು. ‘ಅಕ್ಕೋರ ಗೀಟು ಐತೇನ ನೋಡಲೇ’ ಎಂದು ಕಪಾಟಿನ ಹಿಂದೆ ಪಿಸುಗುಟ್ಟುವುದು ಆಕೆಯ ಕಿವಿಗೆ ಬಿದ್ದು, ಒಳಗೊಳಗೇ ಹಿಗ್ಗು ಆಗುತ್ತಿತ್ತು.

ನಾಲ್ಕು ವರ್ಷದ ಹಿಂದೆ ಗ್ರಂಥಾಲಯಕ್ಕೆ ಎರಡು ಕಂಪ್ಯೂಟರ್, ನಾಲ್ಕು ಟ್ಯಾಬ್ ಬಂದವು. ಸಾಲಿ ಹುಡುಗರಿಗೆ ಕಲಿಸಬೇಕಲ್ಲ ಎಂದು ಮಹೇಶ್ವರಿ ಮೊದಲು ತಾನು ಕಲಿತಳು. ಕಲಿತಿದ್ದೇ ಆಕೆಗೆ ರುಚಿ ಹತ್ತಿತು. ಹೊಸ ಡಬ್ಬಿಯ ಮುಚ್ಚಳ ಉಸಿರು ಬಿಟ್ಟಂತೆ ಮೆಲ್ಲಗೆ ಮೇಲೇಳುವುದು, ಗಾಜಿಗೆ ಅಂಟಿದ ತೆಳು ಪ್ಲಾಸ್ಟಿಕ್ಕನ್ನು ಒಂದೇ ಎಳೆತಕ್ಕೆ ಸುಲಿಯುವುದು, ಮೊದಲ ಬಾರಿ ಪರದೆ ಬೆಳಗಿ ‘ನಮಸ್ಕಾರ’ ಅನ್ನುವುದು, ಇವೆಲ್ಲ ಆಕೆಗೆ ಹೊಸ ಸೀರೆಯ ಮಡಿಕೆ ಬಿಚ್ಚಿದಷ್ಟೇ ಹಿತವಾಗಿದ್ದವು. ಮೊದಲು ಕಣ್ಣಿಗೆ ಚುಚ್ಚದ ಪರದೆಯ ಓದುವ ಯಂತ್ರ ತರಿಸಿದಳು. ಅದರೊಳಗೆ ಮುನ್ನೂರು ಪುಸ್ತಕ ತುಂಬಿಸಿ, ಒಂದನ್ನು ಓದಿದಳು. ಆಮೇಲೆ ಕಿವಿಯೊಳಗೆ ಕೂರುವ ತಂತಿಯಿಲ್ಲದ ಗುಂಡಿಗಳು ಬಂದವು; ಪುಸ್ತಕವನ್ನು ಕೇಳಬಹುದು, ಅದೂ ಎರಡು ಪಟ್ಟು ವೇಗದಲ್ಲಿ. ಆಮೇಲೆ ಕೈಗೆ ಗಡಿಯಾರ. ಒಂದೊಂದನ್ನು ತರುವಾಗಲೂ ಇನ್ನು ಮೇಲೆ ಹೆಚ್ಚು ಓದುತ್ತೇನೆ ಎಂದೇ ತಂದಿದ್ದಳು, ಅದರಲ್ಲಿ ಕಪಟವಿರಲಿಲ್ಲ. ಹುನಗುಂದದ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಗಂಡ ವಿಜಯಮಹಾಂತೇಶ ಒಮ್ಮೆ ಮಾತ್ರ ನಕ್ಕು, “ಓದಾಕ ಸಾಮಾನು ಭಾಳ ಆದ್ವು. ಇನ್ನ ಓದೂದೊಂದ ಬಾಕಿ ಐತಿ ನೋಡು” ಅಂದಿದ್ದ. ಮಹೇಶ್ವರಿಗೆ ಸಿಟ್ಟು ಬಂದು ಎರಡು ದಿನ ಮಾತು ಬಿಟ್ಟಿದ್ದಳು.

ಖರೆ ಮಾತೆಂದರೆ, ಎರಡೂವರೆ ವರ್ಷದಿಂದ ಆಕೆ ಒಂದು ಪುಸ್ತಕವನ್ನೂ ಕೊನೆತನಕ ಓದಿರಲಿಲ್ಲ. ನಾಲ್ಕು ಪುಟಕ್ಕೆ ಕೈ ತಾನಾಗಿ ಬೇರೆ ಕಡೆ ಹೋಗುತ್ತಿತ್ತು. ಆ ಹೊತ್ತಿಗೇ ಪುಟಗಳ ಫೋಟೋ ತೆಗೆದರೆ ಹತ್ತು ಸಾಲಿನಲ್ಲಿ ಸಾರಾಂಶ ಕೊಡುವ ಆ್ಯಪ್ ಒಂದು ಬಂತು. ಓದುಗರು ಬಂದು “ಇದು ಹೆಂಗೈತ್ರಿ ಅಕ್ಕೋರ?” ಅಂದರೆ ಆ ಹತ್ತು ಸಾಲನ್ನೇ ತನ್ನ ಮಾತಿನಲ್ಲಿ ಹೇಳುವಳು. ಯಾರಿಗೂ ಅನುಮಾನ ಬರಲಿಲ್ಲ. ಕೊನೆಯ ಪುಟದ ಗೀಟುಗಳು ಮಾತ್ರ ನಿಲ್ಲಲಿಲ್ಲ. ಮೊದಲ ಸುಳ್ಳು ಗೀಟು ಎಳೆಯುವಾಗ ಕೈ ಒಂದಿಷ್ಟು ತಡೆದಿತ್ತು, ಆಮೇಲೆ ತಡೆಯಲಿಲ್ಲ.

ಶಾರವ್ವ ನೋಟಬುಕ್ಕು ತಂದುಕೊಟ್ಟಿದ್ದು ಇಂಥ ದಿನಗಳಲ್ಲಿ.

ಶಾರವ್ವನಿಗೆ ಅರವತ್ತಾರು ವರ್ಷ. ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಕೂಡಿಸುವ ಕೊಂಡಿ ಕೆಲಸದಲ್ಲಿ ಆ ಓಣಿಯಲ್ಲಿ ಆಕೆಯನ್ನು ಮೀರಿಸುವವರಿರಲಿಲ್ಲ. ಹನ್ನೆರಡು ವರ್ಷದ ಹಿಂದೆ ಮಹೇಶ್ವರಿ ಮಧ್ಯಾಹ್ನದ ಹೊತ್ತು ಓಣಿಯ ಹೆಂಗಸರನ್ನು ಕೂಡಿಸಿಕೊಂಡು ಅಕ್ಷರ ಕಲಿಸಿದಾಗ, ಕೊನೆತನಕ ಉಳಿದ ಮೂವರಲ್ಲಿ ಶಾರವ್ವ ಒಬ್ಬಳು. ಅಂದಿನಿಂದ ತನಗಿಂತ ಇಪ್ಪತ್ತು ವರ್ಷ ಸಣ್ಣವಳಾದ ಮಹೇಶ್ವರಿಯನ್ನು ಆಕೆ ಕರೆಯುವುದು ‘ಅಕ್ಕೋರ’ ಎಂದೇ. ಸಾಲಿಯ ಟೀಚರಿಗೆ ಅನ್ನುವ ಹಾಗೆ.

ಆ ಮಂಗಳವಾರ ಆಕೆ ಬಂದು, ಸೆರಗಿನೊಳಗಿಂದ ನೂರು ಹಾಳೆಯ ನೋಟಬುಕ್ಕು ತೆಗೆದು ಮೇಜಿನ ಮೇಲಿಟ್ಟಳು. ರಟ್ಟಿಗೆ ಹಳೆಯ ಕ್ಯಾಲೆಂಡರಿನ ಹೊದಿಕೆ.

“ಏನ್ರಿ ಶಾರವ್ವಾ ಇದು?”

“ಬರದೇನ್ರಿ ಅಕ್ಕೋರ. ನಂದs ಕತಿ. ಒಂದು ವರ್ಷ ಹಿಡೀತು.” ಶಾರವ್ವ ಆಚೀಚೆ ನೋಡಿ ದನಿ ಇಳಿಸಿದಳು. “ಯಾರಿಗೂ ತೋರ್ಸಿಲ್ಲ. ಮಗ ಬಸೂಗೂ ಗೊತ್ತಿಲ್ಲ. ನೀವs ಓದ್ಬೇಕ್ರಿ. ಪೂರಾ ಓದ್ರಿ. ಶುಕ್ರವಾರ ಬರ್ತೇನಿ, ಏನಂತೀರಿ ಹೇಳ್ರಿ.”

“ಓದ್ತೇನ್ರಿ. ಓದದs ಬಿಡ್ತೇನೇನು?”

ಈ ಮಾತನ್ನೂ ಆಕೆ ಮನಸ್ಸಿನಿಂದಲೇ ಹೇಳಿದ್ದಳು. ಆದರೆ ಅವತ್ತೇ ಮಧ್ಯಾಹ್ನ ಆಕೆಯ ಹೊಸ ಟ್ಯಾಬ್ ಬಂತು, ಪೆನ್ನಿನಿಂದ ಬರೆಯಲು ಬರುವಂಥದ್ದು. ಅವತ್ತು ಮತ್ತು ಮರುದಿನ ಅದನ್ನು ಅಣಿ ಮಾಡುವುದರಲ್ಲೇ ಹೋದವು. ನೋಟಬುಕ್ಕು ಚೀಲದಲ್ಲೇ ಉಳಿಯಿತು.

ಗುರುವಾರ ಬಾಗಲಕೋಟೆಯ ನವನಗರದಲ್ಲಿ ಜಿಲ್ಲೆಯ ಗ್ರಂಥಪಾಲಕರಿಗೆ ಒಂದು ದಿನದ ತರಬೇತಿ ಇತ್ತು. ಓದುವ ಹವ್ಯಾಸದ ಬಗ್ಗೆ ಹತ್ತು ನಿಮಿಷ ಮಾತಾಡಲು ಮಹೇಶ್ವರಿಗೇ ಹೇಳಿದ್ದರು. ಹುನಗುಂದ ದಾಟಿದ ಮೇಲೆ ಬಸ್ಸಿನಲ್ಲಿ ಆಕೆಗೆ ನೋಟಬುಕ್ಕಿನ ನೆನಪಾಯಿತು. ತೆಗೆದು ಮೊದಲ ಪುಟ ನೋಡಿದಳು. ಗೋಡೆಗೆ ಹಚ್ಚಿದ ಬೆರಣಿಯಂಥ ದೊಡ್ಡ ದೊಡ್ಡ ಅಕ್ಷರ. ಒತ್ತು ಇರಬೇಕಾದಲ್ಲಿ ಇಲ್ಲ, ಬೇಡದಲ್ಲಿ ಇದೆ. ಬಸ್ಸು ಅಲುಗಾಡುತ್ತಿತ್ತು. ಎರಡು ಪುಟಕ್ಕೆ ಕಣ್ಣು ಸೋತವು. ಹೊಸ ಟ್ಯಾಬ್ ತೆಗೆದು ಪುಟಗಳ ಫೋಟೋ ಹೊಡೆಯತೊಡಗಿದಳು. ಇಪ್ಪತ್ತೆರಡು ಪುಟ ಆಗುವಷ್ಟರಲ್ಲಿ ಪಕ್ಕದ ಸೀಟಿಗೆ ಯಾರೋ ಬುಟ್ಟಿ ಹಿಡಿದುಕೊಂಡು ಬಂದು ಕೂತರು. ಕೈ ಆಡಿಸಲು ಜಾಗವಾಗಲಿಲ್ಲ. ಇಷ್ಟು ಸಾಕು, ಉಳಿದದ್ದು ಇದರಂತೆಯೇ ಇದ್ದೀತು ಎಂದು ನೋಟಬುಕ್ಕು ಮುಚ್ಚಿದಳು. ಆ್ಯಪು ಕ್ಷಣದಲ್ಲಿ ಸಾರಾಂಶ ಕೊಟ್ಟಿತು: ‘ಇದು ನೇಕಾರ ಮಹಿಳೆಯೊಬ್ಬರ ಶ್ರಮಜೀವನದ ಹೃದಯಸ್ಪರ್ಶಿ ಚಿತ್ರಣ. ಬಾಲ್ಯದಲ್ಲಿ ತಾಯಿಯಿಂದ ಕಲಿತ ಕಸುಬು ಅವರ ಬದುಕಿಗೆ ಆಸರೆಯಾಗುತ್ತದೆ. ಕಷ್ಟಗಳ ನಡುವೆಯೂ ಮಗ್ಗವನ್ನು ಬಿಡದ ಛಲ ಓದುಗರಿಗೆ ಸ್ಫೂರ್ತಿ.’

ತರಬೇತಿಯಲ್ಲಿ ಮಾತಾಡುತ್ತಾ ಆಕೆಯ ಬಾಯಿಗೆ ಅದೇ ಬಂತು. “ಮೊನ್ನೆ ನಾನೇ ಅಕ್ಷರ ಕಲಿಸಿದ ಒಬ್ಬ ನೇಕಾರ ತಾಯಿ ತಮ್ಮ ಜೀವನ ಬರೆದು ತಂದುಕೊಟ್ಟರು. ಹಿಡಿದ ನೋಟಬುಕ್ಕು ಕೆಳಗಿಡಲಾಗಲಿಲ್ಲ. ಒಂದೇ ಸಲಕ್ಕೆ ಓದಿ ಮುಗಿಸಿದೆ,” ಅಂದಳು. ಸಭೆ ಚಪ್ಪಾಳೆ ತಟ್ಟಿತು. ಕೂತ ಮೇಲೆ ಪಕ್ಕದವರು ಕೈ ಹಿಸುಕಿ, “ನೋಡ್ರಿ, ಇವರು ಖರೆ ಓದುಗರು” ಅಂದರು. ಮಹೇಶ್ವರಿ ನಕ್ಕಳು.

ಶುಕ್ರವಾರ ಗ್ರಂಥಾಲಯದ ಬಾಗಿಲು ತೆಗೆಯುವಷ್ಟರಲ್ಲಿ ಶಾರವ್ವ ಕಟ್ಟೆಯ ಮೇಲೆ ಕೂತಿದ್ದಳು. ಒಗೆದ ಸೀರೆ ಉಟ್ಟಿದ್ದಳು. ಒಳಗೆ ಬಂದು ಮೇಜಿನೆದುರು ನಿಂತೇ ಇದ್ದಳು.

“ಕೂಡ್ರಿ ಶಾರವ್ವಾ.”

“ಇರ್ಲಿರಿ. ಓದಿದ್ರೇನ್ರಿ?”

“ಓದಿದ್ನಿ. ಎಂಥಾ ಚಲೋ ಬರದೀರ್ರಿ! ಕಣ್ಣಾಗ ನೀರು ಬಂತು ನನಗ.”

“ಪೂರಾ ಓದಿದ್ರಿ?”

“ಪೂರಾ.”

“ಕಡೀ ಹಾಳಿತನಕ?”

“ಕಡೀ ಹಾಳಿತನಕರಿ. ಸುಳ್ಳ್ಯಾಕ ಹೇಳ್ಲಿ?”

ಶಾರವ್ವ ಮೇಜಿನ ಅಂಚನ್ನು ಹಿಡಿದುಕೊಂಡಳು. ಬೆರಳ ತುದಿಗಳು ದಾರ ಹೊಸೆದು ಹೊಸೆದು ನುಣ್ಣಗಾಗಿದ್ದವು. “ಮತ್ತ... ಏನಂತೀರ್ರಿ ಅಕ್ಕೋರ?”

ಮಹೇಶ್ವರಿ ಸಾರಾಂಶದ ಸಾಲುಗಳನ್ನು ನೆನೆಸಿಕೊಂಡಳು. “ಏನನ್ನೂದೈತ್ರಿ? ಆಗಿ ಹೋದ ಕಷ್ಟ ಆಗಿ ಹೋತು, ಅದರ ಹಿಂದ ಹೋಗೂದ ಬ್ಯಾಡ. ನಿಮ್ಮ ಕೈಯಾಗಿನ ಮಗ್ಗ ನೀವು ಬಿಡಬ್ಯಾಡ್ರಿ. ಅಷ್ಟ ಸಾಕು.”

ಶಾರವ್ವ ಆಕೆಯ ಮುಖ ನೋಡಿದಳು. “ಬ್ಯಾಡಂತೀರಿ?”

“ಬ್ಯಾಡ್ರಿ. ಮನಸ್ಸಿಗೆ ತ್ರಾಸ ಮಾಡ್ಕೋಬ್ಯಾಡ್ರಿ.”

“ಆತ್ರಿ,” ಅಂದಳು ಶಾರವ್ವ. “ನೀವು ಅಂದ್ರ ಆತು.”

ನೋಟಬುಕ್ಕನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಿಸಿ ಕೊಡುತ್ತೇನೆ, ಇಲ್ಲೇ ಇರಲಿ ಎಂದು ಮಹೇಶ್ವರಿ ಅಂದಾಗ ಶಾರವ್ವ ಸುಮ್ಮನೆ ತಲೆಯಾಡಿಸಿ ಹೋದಳು. ಚೀಲದಿಂದ ನೋಟಬುಕ್ಕು ಕಪಾಟಿಗೆ ಹೋಯಿತು.

ಹನ್ನೊಂದು ದಿನ ಕಳೆದವು. ಒಂದು ಮುಂಜಾನೆ ನರ್ಗೀಸ ಪೇಪರುಗಳನ್ನು ಕೋಲಿಗೆ ಸಿಗಿಸುತ್ತಾ ಮಾತು ತೆಗೆದಳು. ನರ್ಗೀಸ ಗ್ರಂಥಾಲಯದ ಸಹಾಯಕಿ. ಆಕೆಯ ಅತ್ತೆ ರಂಜಾನಬಿ ಬಳೆಯ ವ್ಯಾಪಾರದವಳು; ಕೆರೂರ ಸಂತೆಗೆ ತಪ್ಪದೆ ಹೋಗುವವಳು.

“ಶಾರವ್ವನ ಗಂಡ ತೀರ್ಕೊಂಡಾನಂತ್ರಿ ಮೇಡಂ. ಕೆರೂರಾಗ. ಅಮಾಸಿ ದಿನಾನs.”

ಮಹೇಶ್ವರಿ ತಲೆಯೆತ್ತಿದಳು. ಶಾರವ್ವನಿಗೆ ಗಂಡನೊಬ್ಬ ಇದ್ದ, ಬಿಟ್ಟು ಹೋಗಿದ್ದ ಎಂದು ಓಣಿಗೆಲ್ಲ ಗೊತ್ತಿತ್ತು. ಅಂದಾನಪ್ಪ ಎಂಬ ಆ ಹೆಸರನ್ನು ಶಾರವ್ವ ಇಪ್ಪತ್ತೆಂಟು ವರ್ಷದಿಂದ ಬಾಯಿಗೆ ತಂದಿರಲಿಲ್ಲ, ಬೇರೆಯವರೂ ಆಕೆಯೆದುರು ತರುತ್ತಿರಲಿಲ್ಲ.

“ಎರಡೂ ಕಿಡ್ನಿ ಹೋಗಿದ್ವಂತ್ರಿ. ಒಮ್ಮೆ ಬಂದು ಹೋಗಂತ ಹೇಳು ಅಂತ ನಮ್ಮತ್ತಿ ಕೈಯಾಗ ಹೇಳಿ ಕಳಿಸಿದ್ದ. ನಮ್ಮತ್ತಿ ಬಂದು ಹೇಳಿದ್ರು. ಪಾಪ, ಶಾರವ್ವ ಹೋಗ್ಬೇಕಂತನs ಇದ್ದಳಂತ. ಸೀರಿ ಒಗದು ಇಟ್ಕೊಂಡಿದ್ದಳಂತ. ಆಮ್ಯಾಲ ಹೋಗಲಿಲ್ಲ.”

“ಯಾಕಂತ?”

“ನಮ್ಮತ್ತಿ ಕೇಳಿದ್ರ, ‘ತಿಳುವಳಿಕಿ ಇದ್ದವರನ್ನ ಕೇಳೀನಿ, ಬ್ಯಾಡಂದಾರ’ ಅಂದ್ಳಂತ. ಯಾರನ್ನ ಕೇಳಿದ್ಳೋ ಏನೋ.”

ಮಹೇಶ್ವರಿ ಕೈಯಲ್ಲಿದ್ದ ಮುದ್ರೆ ಕೆಳಗಿಟ್ಟಳು. ಎದ್ದು ಕಪಾಟು ತೆರೆದಳು. ನೋಟಬುಕ್ಕು ತೆಗೆದುಕೊಂಡು ಹಳೆಯ ಪೇಪರಿನ ಕಟ್ಟುಗಳಿದ್ದ ಹಿಂದಿನ ಕೋಣೆಗೆ ಹೋಗಿ, ಮೊದಲ ಪುಟದಿಂದ ಓದಲು ಕೂತಳು. ನೇರ ಕಡೀ ಹಾಳಿಗೆ ಹೋಗಲು ಆಕೆಗೆ ಧೈರ್ಯವಾಗಲಿಲ್ಲ.

ಎಂಬತ್ತನಾಲ್ಕು ಪುಟ. ಓದುತ್ತಾ ಹೋದಂತೆ ಆ ದೊಡ್ಡ ಅಕ್ಷರಗಳು ತಾವಾಗಿ ಮಾತಾಡತೊಡಗಿದವು. ಆಡೊಂದು ರೇಷ್ಮೆ ದಾರದ ತುದಿ ನುಂಗಿ, ಇನ್ನೊಂದು ತುದಿ ಮಗ್ಗದಲ್ಲಿ ಉಳಿದು, ಅವ್ವ ಮಗಳು ಇಬ್ಬರೂ ಆಡಿನ ಎದುರು ಕೂತು ಮೊಳ ಮೊಳ ದಾರ ಎಳೆದದ್ದನ್ನು ಶಾರವ್ವ ಬರೆದಿದ್ದಳು. ಮಹೇಶ್ವರಿ ತನಗರಿವಿಲ್ಲದೆ ನಕ್ಕುಬಿಟ್ಟಳು, ಮರುಕ್ಷಣ ಆ ನಗೆಗೇ ನಾಚಿದಳು. ಮೂವತ್ತನೆಯ ಪುಟದ ಸುಮಾರಿಗೆ ಅಂದಾನಪ್ಪ ಬಂದ. ನೇಯುವಾಗ ಸಿಳ್ಳೆ ಹಾಕುತ್ತಿದ್ದ. ಹೆಂಡತಿ ಕೊಂಡಿ ಹಾಕಲು ಕೂತರೆ ಆಕೆಯ ಕಣ್ಣಿಗೆ ಬಿಸಿಲು ಬೀಳದಂತೆ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದ. ಮಗ ಬಸುಗೆ ಆರು ವರ್ಷವಾದಾಗ ಒಂದು ದಿನ ರೇಡಿಯೋ ರಿಪೇರಿ ಮಾಡಿಸಿಕೊಂಡು ಬರುತ್ತೇನೆ ಎಂದು ಹೋದವನು ಬರಲಿಲ್ಲ. ಕೆರೂರಿನಲ್ಲಿ ಚಂದ್ರವ್ವ ಎಂಬಾಕೆಯ ಜೊತೆ ಇದ್ದಾನೆಂದು ತಿಳಿಯಲು ಎರಡು ವರ್ಷ ಹಿಡಿಯಿತು. ‘ನಾ ಅಳಲಿಲ್ಲ. ಅತ್ತರ ಎಳಿ ಕಾಣೂದಿಲ್ಲ. ಎಳಿ ಕಾಣದಿದ್ದರ ಕೂಸು ಉಪವಾಸ’ ಎಂದು ಬರೆದಿದ್ದಳು.

ಕಡೀ ಹಾಳಿಯಲ್ಲಿ ಅಕ್ಷರ ಸಣ್ಣಗಾಗಿದ್ದವು.

‘ಅಕ್ಕೋರ, ಇಲ್ಲಿಮಟ ಬರದದ್ದು ಕತಿ. ಇದು ಕತಿ ಅಲ್ಲ. ಅಂವ ಸಾಯಾಕ ಹತ್ಯಾನ. ಒಮ್ಮೆ ಬಾ ಅಂದಾನ. ಏನೋ ಹೇಳೂದೈತಂತ. ಅಮಾಸಿ ಮಟ ಇರತಾನೋ ಇಲ್ಲೋ. ಮಗನ್ನ ಕೇಳಿದರ ಮನಿ ಬಿಟ್ಟು ಹೊಕ್ಕೇನಿ ಅಂತಾನ. ಓಣ್ಯಾಗಿನವರನ್ನ ಕೇಳಿದರ ನಗತಾರ. ಬಾಯಿಲೆ ಕೇಳಾಕ ನನಗ ಬರೂದಿಲ್ಲ. ಅದಕ ಬರದು ಕೇಳತೇನಿ. ಹೋಗಲ್ಯಾ ಬ್ಯಾಡಾ. ನೀವು ಭಾಳ ಓದಿದವರು. ನೀವು ಅಂದಂಗ ಮಾಡತೇನಿ.’

ಹೊರಗೆ ನರ್ಗೀಸ ಯಾರಿಗೋ ರಜಿಸ್ಟರಿನಲ್ಲಿ ಸಹಿ ಮಾಡಲು ಹೇಳುತ್ತಿದ್ದಳು. ಮಹೇಶ್ವರಿ ಪೇಪರಿನ ಕಟ್ಟಿನ ಮೇಲೆ ಕೂತೇ ಇದ್ದಳು. ‘ಅದರ ಹಿಂದ ಹೋಗೂದ ಬ್ಯಾಡ’ ಎಂದು ತಾನು ಅಂದದ್ದು, ‘ಬ್ಯಾಡಂತೀರಿ?’ ಎಂದು ಶಾರವ್ವ ಕೇಳಿದ್ದು, ಒಗೆದ ಸೀರೆ, ಮೇಜಿನ ಅಂಚು ಹಿಡಿದ ಬೆರಳು, ಒಂದೊಂದೇ ಬಂದು ಎದುರು ನಿಂತವು. ಕೈಯ ಗಡಿಯಾರ ಮಿಡಿದು, ಬಹಳ ಹೊತ್ತು ಕೂತಿದ್ದೀರಿ, ಎದ್ದು ನಾಲ್ಕು ಹೆಜ್ಜೆ ನಡೆಯಿರಿ ಅಂದಿತು. ಆಕೆ ಅದನ್ನು ಬಿಚ್ಚಿ ಪೇಪರಿನ ಸಂದಿಯಲ್ಲಿ ಇಟ್ಟಳು.

ಮುಂದಿನ ನಾಲ್ಕು ದಿನ ಆಕೆ ಅನುಭವಿಸಿದ್ದನ್ನು ಯಾರಿಗೂ ಹೇಳಿಕೊಳ್ಳಲಾಗಲಿಲ್ಲ. ಗೊತ್ತಿರುವುದು ತನ್ನೊಬ್ಬಳಿಗೇ ಎಂಬುದೇ ಹೆಚ್ಚು ಸುಡುತ್ತಿತ್ತು. ಸುಮ್ಮನಿದ್ದರೆ ಇದು ಮುಚ್ಚಿ ಹೋಗುತ್ತದೆ. ಅಕ್ಕೋರು ಓದಿ, ವಿಚಾರ ಮಾಡಿ ಬೇಡ ಅಂದರು ಎಂದು ಶಾರವ್ವ ನಂಬಿದ್ದಾಳೆ. ಆ ನಂಬಿಕೆ ಆಕೆಗೊಂದು ಆಸರೆ ಇದ್ದೀತು, ಅದನ್ನು ಕಿತ್ತು ಯಾಕೆ ನೋಯಿಸಬೇಕು? ಹೀಗೆ ತನಗೆ ತಾನೇ ನ್ಯಾಯ ಹೇಳಿಕೊಳ್ಳುವಳು. ಹೇಳಿಕೊಂಡ ಮೇಲೆ ಇನ್ನೂ ಹೇಸಿಗೆಯಾಗುತ್ತಿತ್ತು. ಒಂದು ಮಧ್ಯಾಹ್ನ ಒಬ್ಬ ಕಾಲೇಜು ಹುಡುಗಿ ಕಾದಂಬರಿಯ ಕೊನೆಯ ಪುಟ ತೆಗೆದು ತೋರಿಸಿ, “ನಿಮ್ಮ ಗೀಟು ಐತ್ರಿ, ಇದನ್ನs ಒಯ್ತೇನಿ” ಅಂದಳು. ಮಹೇಶ್ವರಿ ಆ ಪುಸ್ತಕದ ಹೆಸರು ನೋಡಿದಳು. ಒಳಗೇನಿದೆ ಎಂದು ಒಂದಕ್ಷರವೂ ನೆನಪಿರಲಿಲ್ಲ. ಎದ್ದು ನೀರು ಕುಡಿಯುವ ನೆವದಿಂದ ಹಿಂದಿನ ಕೋಣೆಗೆ ಹೋದಳು.

ಸೋಮವಾರ ಗ್ರಂಥಾಲಯಕ್ಕೆ ರಜೆ. ನೋಟಬುಕ್ಕನ್ನು ಎದೆಗವಚಿಕೊಂಡು ಶಾರವ್ವನ ಮನೆಗೆ ಹೋದಳು. ಹಿತ್ತಲ ಶೆಡ್ಡಿನಲ್ಲಿ ಬಸುನ ಪವರ್‌ಲೂಮುಗಳು ಸದ್ದು ಮಾಡುತ್ತಿದ್ದವು. ಪಡಸಾಲೆಯಲ್ಲಿ ಶಾರವ್ವ ರಾಟಿಯ ಮುಂದೆ ಕೂತು ದಾರ ಸುತ್ತುತ್ತಿದ್ದಳು. ಕೈಯಲ್ಲಿ ಬಳೆ ಇರಲಿಲ್ಲ. ಮಹೇಶ್ವರಿಯನ್ನು ಕಂಡು ಏಳಹೋದಳು.

“ಬರ್ರಿ ಅಕ್ಕೋರ. ಚಾಪಿ ಹಾಕ್ತೇನಿ ತಡೀರಿ.”

“ಏಳಬ್ಯಾಡ್ರಿ ಶಾರವ್ವಾ.” ಮಹೇಶ್ವರಿ ನೆಲಕ್ಕೇ ಕೂತಳು. “ನಾ ಇದನ್ನ ಓದಿರಲಿಲ್ರಿ,” ಅಂದಳು.

ರಾಟಿ ತಿರುಗುತ್ತಲೇ ಇತ್ತು. “ಯಾವ್ದನ್ನ?”

“ನಿಮ್ಮ ಬುಕ್ಕ. ಅವತ್ತ ನೀವು ಕೇಳಿದಾಗ ಓದಿರಲಿಲ್ಲ. ಮೊದಲಿನ ಹತ್ತು ಹನ್ನೊಂದು ಹಾಳಿ ಫೋಟೋ ಹೊಡದು, ಮಷಿನ್ ಏನ್ ಹೇಳ್ತೋ ಅದನ್ನ ಹೇಳಿದ್ನಿ. ಕಡೀ ಹಾಳಿ ನಾ ನೋಡೇ ಇರಲಿಲ್ಲ. ಹೋದ ವಾರ ಓದಿದ್ನಿ. ಎಲ್ಲಾ ಮುಗದ ಮ್ಯಾಲ.”

ರಾಟಿ ನಿಂತಿತು.

“ಕಣ್ಣಾಗ ನೀರು ಬಂತಂದ್ರಿ.”

“ಸುಳ್ಳರಿ.”

“ಕಡೀತನಕ ಓದೀನಿ ಅಂದ್ರಿ. ಮತ್ತ ಮತ್ತ ಕೇಳಿದೆ ನಾ.”

“ಅದೂ ಸುಳ್ಳು.”

ಶಾರವ್ವ ಕೈಯಲ್ಲಿದ್ದ ದಾರದ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಸಿಟ್ಟು ಮಾಡಿದ್ದರೆ, ಬೈದಿದ್ದರೆ ಮಹೇಶ್ವರಿಗೆ ಉಸಿರಾಡಲು ಜಾಗ ಸಿಗುತ್ತಿತ್ತು. ಶಾರವ್ವ ಮಾತಾಡಿದಾಗ ದನಿ ಎಂದಿನಂತೆಯೇ ಇತ್ತು, ಕರೆಯುವ ಬಗೆ ಮಾತ್ರ ಬದಲಾಗಿತ್ತು.

“ಓದಿಲ್ಲಂತ ಅಂದಿದ್ದರ ನಾ ಬಾಯಿ ಬಿಟ್ಟು ಕೇಳ್ತಿದ್ನಲ್ಲ, ಮಹೇಶ್ವರಿ. ಹೆಂಗರ ಮಾಡಿ ಕೇಳ್ತಿದ್ನಿ.”

ಹಿತ್ತಲ ಸದ್ದಿನಲ್ಲಿ ಮನೆಯೆಲ್ಲ ಅದುರುತ್ತಿತ್ತು.

“ಓದಿದ್ದರ ಏನಂತಿದ್ದಿ?” ಶಾರವ್ವ ಕೇಳಿದಳು.

ಇಲ್ಲಿ ಒಂದು ಸುಳ್ಳು ಸಲೀಸಾಗಿ ಹೊಂದುತ್ತಿತ್ತು. ‘ಓದಿದ್ದರೂ ಬ್ಯಾಡಂತಿದ್ನಿ’ ಎಂದುಬಿಟ್ಟರೆ ಮುದುಕಿಯ ಎದೆಯ ಭಾರ ಇಳಿಯುತ್ತಿತ್ತು, ತನ್ನದೂ. ಅದು ನಾಲಿಗೆಯ ತುದಿಗೆ ಬಂದು ನಿಂತಿದ್ದನ್ನು ಕಂಡು ಮಹೇಶ್ವರಿಗೆ ತನ್ನ ಬಗ್ಗೆಯೇ ಹೆದರಿಕೆಯಾಯಿತು.

“ಹೋಗ್ರಿ ಅಂತಿದ್ನಿ. ನಾನೂ ಕೂಡ ಬರ್ತೇನಿ ನಡೀರಿ ಅಂತಿದ್ನಿ.”

ಶಾರವ್ವ ಕೈಚಾಚಿ ನೋಟಬುಕ್ಕು ತೆಗೆದುಕೊಂಡು ತೊಡೆಯ ಕೆಳಗೆ ಸರಿಸಿದಳು. “ಹೋಗಿನ್ನ,” ಅಂದಳು. ರಾಟಿ ಮತ್ತೆ ತಿರುಗಿತು.

ಒಂದು ತಿಂಗಳು ಆಕೆ ಗ್ರಂಥಾಲಯದ ಕಡೆ ಬರಲಿಲ್ಲ. ಮಹೇಶ್ವರಿ ಗಂಡನಿಗೆ ಎಲ್ಲವನ್ನೂ ಹೇಳಿದಳು. ಟ್ಯಾಬು, ಕಿವಿಯ ಗುಂಡಿಗಳು ಮನೆಯಲ್ಲೇ ಇದ್ದವು. ಅವನ್ನು ಒಗೆದುಬಿಡುವ ಆವೇಶ ಆಕೆಗೆ ಬರಲಿಲ್ಲ. ತಪ್ಪು ಅವುಗಳದ್ದಲ್ಲ ಎಂದು ಗೊತ್ತಿತ್ತು. ಹಾಗೆ ಗೊತ್ತಿದ್ದದ್ದರಿಂದ ದೂರು ಹೊರಿಸಲು ಯಾರೂ ಉಳಿದಿರಲಿಲ್ಲ.

ಆಮೇಲೊಂದು ಸೋಮವಾರ ಮುಂಜಾನೆ ಶಾರವ್ವ ಆಕೆಯ ಮನೆ ಬಾಗಿಲಿಗೇ ಬಂದಳು. ಕೈಯಲ್ಲಿ ಚೀಲವಿತ್ತು.

“ಕೂಡ ಬರ್ತೇನಿ ಅಂತಿದ್ನಿ ಅಂದಿದ್ದಿ. ಬಾ. ಅಂವ ಕೆರೂರಾಗಿನ ಅಕಿಗೆ ಏನರ ಹೇಳಿ ಹೋಗ್ಯಾನೇನೋ ಕೇಳಿ ಬರಬೇಕು. ಬಸೂಗ ಬನಶಂಕರಿ ಗುಡಿಗೆ ಹೊಂಟೇನಿ ಅಂತ ಹೇಳೀನಿ.”

ಮಹೇಶ್ವರಿ ಚಪ್ಪಲಿ ಮೆಟ್ಟಿದಳು. ಬಾಗಲಕೋಟೆಯಲ್ಲಿ ಬಸ್ಸು ಬದಲಿಸಿ ಕೆರೂರು ಮುಟ್ಟುವಷ್ಟರಲ್ಲಿ ಬಿಸಿಲು ಏರಿತ್ತು. ದಾರಿಯುದ್ದಕ್ಕೂ ಶಾರವ್ವ ಕಿಟಕಿಯ ಹೊರಗೆ ನೋಡುತ್ತಿದ್ದಳು.

ಚಂದ್ರವ್ವನ ಮನೆ ಬಸ್‌ಸ್ಟ್ಯಾಂಡಿನ ಹಿಂದಿನ ಸಂದಿಯಲ್ಲಿತ್ತು. ಎರಡೇ ಕೋಣೆ, ಬಾಗಿಲಿಗೆ ಹೊಲಿಗೆ ಯಂತ್ರ. ಐವತ್ತೈದರ ಸುಮಾರಿನ ಬಡಕಲು ಹೆಂಗಸು. ಯಾರೆಂದು ತಿಳಿದ ಮೇಲೆ ಆಕೆ ಗಾಬರಿಯಾಗಿ ಹೊಲಿಗೆ ಬಿಟ್ಟು ಎದ್ದು ನಿಂತಳು, ಹೊಡೆತಕ್ಕೆ ಕಾದವಳಂತೆ. ಶಾರವ್ವ ಹೊಸ್ತಿಲು ದಾಟಿ ನೆಲಕ್ಕೆ ಕೂತು, “ನೀರು ಕೊಡವ್ವಾ, ಬಾಯಿ ಒಣಗೇತಿ” ಅಂದಳು.

ನೀರು ಬಂತು. ಚಂದ್ರವ್ವ ಮಹೇಶ್ವರಿಯ ಕಡೆ ನೋಡಿ, “ಇವರ್ಯಾರ್ರಿ?” ಎಂದು ಮೆಲ್ಲಗೆ ಕೇಳಿದಳು.

“ನಮ್ಮ ಅಕ್ಕೋರು,” ಅಂದಳು ಶಾರವ್ವ. “ನನಗ ಅಕ್ಷರಾ ಕಲಿಸಿದವರು.”

ಚಂದ್ರವ್ವ ಲಗುಬಗೆಯಿಂದ ಒಳಗೆ ಹೋಗಿ ಮನೆಯಲ್ಲಿದ್ದ ಒಂದೇ ಖುರ್ಚಿಯನ್ನು ತಂದು, ಸೆರಗಿನಿಂದ ಒರೆಸಿ, “ಮ್ಯಾಲ ಕೂಡ್ರಿ ಅಕ್ಕೋರ” ಎಂದು ಮುಂದೆ ಮಾಡಿದಳು. ಬೇಡವೆಂದರೂ ಕೇಳಲಿಲ್ಲ. ಚಹಾ ಮಾಡಿ ತಂದು ಇಬ್ಬರಿಗೂ ಕೊಟ್ಟಳು. ಇಬ್ಬರು ಹೆಂಗಸರು ನೆಲದ ಮೇಲೆ ಎದುರುಬದುರು ಕೂತರು. ಮಹೇಶ್ವರಿ ಅವರಿಬ್ಬರ ತಲೆಗಿಂತ ಮೇಲೆ, ಖುರ್ಚಿಯ ಅಂಚಿನಲ್ಲಿ ಮೈ ಹಿಡಿಮಾಡಿಕೊಂಡು ಕೂತಳು.

“ನಿಮ್ಮ ದಾರಿ ಭಾಳ ನೋಡಿದ್ರು ಅವರು,” ಚಂದ್ರವ್ವ ಅಂದಳು. “ಬಾಗಲಕೋಟಿ ಕಡಿಂದು ಬಸ್ ಬಂದ ಸಪ್ಪಳಾತಂದ್ರ ಬಾಗಿಲ ಕಡೆ ಹೊಳ್ಳೋರು. ‘ಬಂದಾಳೇನ ನೋಡು’ ಅನ್ನೋರು. ಕಡೀ ಎರಡು ದಿನ ಮಾತು ನಿಂತಿತ್ತು. ಆದ್ರೂ ಹೊಳ್ಳೂದು ಬಿಡಲಿಲ್ಲ.”

“ಏನು ಹೇಳೂದಿತ್ತಂತ?” ಶಾರವ್ವನ ದನಿ ಸಣ್ಣಗಾಗಿತ್ತು.

“ಕೇಳಿದ್ನಿರಿ. ನನಗರ ಹೇಳ್ರಿ, ನಾ ಮುಟ್ಟಸ್ತೇನಿ ಅಂದ್ನಿ. ‘ಅಕಿ ಬಂದ್ರ ಅಕಿಗಷ್ಟ ಹೇಳಾಂವ’ ಅಂದ್ರು. ಹಂಗs ಹೋದ್ರು.”

ಹೊರಗೆ ಬಸ್ಸೊಂದು ಬಂದು ನಿಂತಿತು. ಮೂವರೂ ಅದರ ಸದ್ದು ಕೇಳಿದರು.

“ಬರಾಕ ಆಗಲಿಲ್ಲವ್ವಾ,” ಶಾರವ್ವ ಅಂದಳು. “ಬರೋದಿತ್ತು. ನಂದs ತಪ್ಪಾತು.”

ಮಹೇಶ್ವರಿಗೆ ಕೂಡ್ರಲಾಗಲಿಲ್ಲ. “ಚಂದ್ರವ್ವಾ, ತಪ್ಪು ಇವರದಲ್ಲ. ನಾ...”

“ಚಾ ಆರಾಕತ್ತೇತಿ,” ಶಾರವ್ವ ಆಕೆಯ ಕಡೆ ತಿರುಗದೆಯೇ ಅಂದಳು. “ಕುಡೀರಿ ಅಕ್ಕೋರ.”

ಮಹೇಶ್ವರಿ ಕುಡಿದಳು. ಚಹಾಕ್ಕೆ ಸಕ್ಕರೆ ಬಹಳವಾಗಿತ್ತು, ಅತಿಥಿಗಳಿಗೆ ಹಾಕುವ ಹಾಗೆ. ತಪ್ಪು ಒಪ್ಪಿಕೊಂಡು ಹಗುರಾಗುವ ದಾರಿಯನ್ನು ಶಾರವ್ವ ತನಗೆ ಬಿಟ್ಟುಕೊಡಲಿಲ್ಲ ಎಂಬುದು ಆಕೆಗೆ ತಿಳಿಯಿತು. ಅದು ದಯೆಯೋ ಶಿಕ್ಷೆಯೋ ತಿಳಿಯಲಿಲ್ಲ.

ಹೊಳ್ಳಿ ಬರುವಾಗ ಹುನಗುಂದದ ಹತ್ತಿರ ಶಾರವ್ವನಿಗೆ ಜೋಂಪು ಹತ್ತಿ ತಲೆ ಮಹೇಶ್ವರಿಯ ಭುಜಕ್ಕೆ ಬಿತ್ತು. ಇಳಕಲ್ ಬರುವತನಕ ಮಹೇಶ್ವರಿ ಅಲುಗಾಡಲಿಲ್ಲ. ಎಚ್ಚರಾದ ಶಾರವ್ವ ಸೆರಗು ಸರಿಪಡಿಸಿಕೊಂಡು, ಇಳಿದು ಮನೆಯ ದಾರಿ ಹಿಡಿದಳು.

ಈಗ ಆಕೆ ಮತ್ತೆ ಮಂಗಳವಾರಗಳಂದು ಗ್ರಂಥಾಲಯಕ್ಕೆ ಬರುತ್ತಾಳೆ. ಬಂದವಳು ತಾನೇ ಕಪಾಟಿನಿಂದ ಪುಸ್ತಕ ಆರಿಸಿಕೊಳ್ಳುತ್ತಾಳೆ, ಕಿಟಕಿಯ ಬದಿಗೆ ಕೂತು ತುಟಿ ಅಲುಗಿಸುತ್ತಾ ಓದುತ್ತಾಳೆ. ಮಹೇಶ್ವರಿಯೂ ಓದಲು ಕಲಿಯುತ್ತಿದ್ದಾಳೆ. ಮೊದಲು ಐದು ಪುಟ, ಆಮೇಲೆ ಹತ್ತು. ಯಾರಾದರೂ ‘ಇದು ಹೆಂಗೈತ್ರಿ?’ ಎಂದು ಕೇಳಿದರೆ ‘ನಾ ಓದಿಲ್ಲ’ ಅನ್ನುತ್ತಾಳೆ. ಆ ಮಾತು ಹೇಳುವಾಗಲೆಲ್ಲ ಕಣ್ಣು ಕಿಟಕಿಯ ಕಡೆ ಹೋಗುತ್ತದೆ. ಶಾರವ್ವ ತಲೆ ಎತ್ತುವುದಿಲ್ಲ.

ಒಂದು ದಿನ ಪುಸ್ತಕಕ್ಕೆ ಸಹಿ ಹಾಕಿಸಿಕೊಳ್ಳುವಾಗ ಮಹೇಶ್ವರಿ ಧೈರ್ಯ ಮಾಡಿ ಕೇಳಿದಳು. “ಬರೀತೀರೇನ್ರಿ ಶಾರವ್ವಾ, ಈಗೂ?”

“ಬರೀತೇನಿ.”

“ಓದಾಕ... ಕೊಡ್ತೀರೇನ್ರಿ ನನಗ?”

ಶಾರವ್ವ ಪುಸ್ತಕವನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಬಾಗಿಲತನಕ ಹೋಗಿ, ಮೆಟ್ಟಿಲ ಮೇಲೆ ಚಪ್ಪಲಿ ಹುಡುಕುತ್ತಾ ನಿಂತಳು.

“ನೋಡೂಣು,” ಅಂದಳು.